ನ್ಯಾನೋಗ್ರಾಂ ಲೆಕ್ಕದ ಕೆಮಿಕಲ್‌ಗೆ ಇಷ್ಟೊಂದು ತಲೆ ಕೆಡಿಸ್ಕೋಬೇಕಾ?

ಪ್ರಶ್ನೆ: ಪಿಎಫ್‌ಎಎಸ್ (ಸುಲಭಕ್ಕೆ ನಾಶವಾಗದ ಕೆಮಿಕಲ್‌ಗಳ ಗುಂಪು), ಔಷಧಿ ಅಂಶ, ಮೈಕ್ರೋಪ್ಲಾಸ್ಟಿಕ್ ಎಲ್ಲಾ ನೀರಲ್ಲಿದೆ ಅಂತ ರಿಪೋರ್ಟ್ ಬರ್ತಾನೇ ಇರುತ್ತೆ, ಆದ್ರೆ ಎಷ್ಟೋ ಸಲ ಪ್ರಮಾಣ ನೋಡಿದ್ರೆ ಲೀಟರಿಗೆ ಕೆಲವೇ ನ್ಯಾನೋಗ್ರಾಂ (ಒಂದು ನ್ಯಾನೋಗ್ರಾಂ ಅಂದ್ರೆ ಗ್ರಾಂನ ನೂರು ಕೋಟಿಯಲ್ಲಿ ಒಂದು ಭಾಗ). ನಿಜವಾಗ್ಲೂ ಅಪಾಯ ಇದ್ಯಾ ಅಂತ ಹೇಗೆ ಲೆಕ್ಕ ಹಾಕ್ತಾರೆ?

ಉತ್ತರ 1: ಲೆಕ್ಕ ಸಿಂಪಲ್ಲು ಗುರು. ನೀರಲ್ಲಿ ಸಿಕ್ಕಿದ ಪ್ರಮಾಣನ, ಜೀವಿಗಳಿಗೆ ತೊಂದ್ರೆ ಆಗಲ್ಲ ಅಂತ ಅಂದಾಜಿಸಿರೋ ಪ್ರಮಾಣದಿಂದ ಭಾಗಿಸ್ತಾರೆ, 1ಕ್ಕಿಂತ ಜಾಸ್ತಿ ಬಂದ್ರೆ ಎಚ್ಚರಿಕೆ. ಆ ಎರಡನೇ ನಂಬರ್ ಹುಡುಕೋದೇ ಕಷ್ಟ, ಪಾಚಿ, ಡ್ಯಾಫ್ನಿಯಾ (ನೀರಲ್ಲಿರೋ ಪುಟ್ಟ ಜೀವಿ), ಮೀನು ಮೇಲೆ ಟೆಸ್ಟ್ ಮಾಡ್ತಾರೆ, ಡೇಟಾ ಕಮ್ಮಿ ಇದ್ರೆ ಸೇಫ್ಟಿಗೆ ಅಂತ ಟೆಸ್ಟಲ್ಲಿ ಬಂದ ಪ್ರಮಾಣನ 1000ದವರೆಗಿನ ನಂಬರಿಂದ ಭಾಗಿಸಿ ಇನ್ನೂ ಕೆಳಗಿಳಿಸ್ತಾರೆ.

ಉತ್ತರ 2: ನ್ಯಾನೋಗ್ರಾಂ ಅಂತ ಹಗುರವಾಗಿ ತಗೋಬೇಡಿ. ಕೆನಡಾದಲ್ಲಿ 2001ರಿಂದ 3 ವರ್ಷ ಒಂದು ಸರೋವರಕ್ಕೆ ಗರ್ಭನಿರೋಧಕ ಮಾತ್ರೆಲಿರೋ ಈಸ್ಟ್ರೋಜೆನ್ ಅನ್ನೋ ಹೆಣ್ಣು ಹಾರ್ಮೋನ್ ಹಾಕಿದ್ರು, ಲೀಟರಿಗೆ ಬರೀ 5-6 ನ್ಯಾನೋಗ್ರಾಂ, ಗಂಡು ಮೀನುಗಳಲ್ಲೂ ಮೊಟ್ಟೆಗೆ ಬೇಕಾದ ಪ್ರೋಟೀನ್ ತಯಾರಾಗಿ ಕೊನೆಗೆ ಫ್ಯಾಟ್‌ಹೆಡ್ ಮಿನ್ನೋ ಅನ್ನೋ ಸಣ್ಣ ಮೀನಿನ ಸಂತತಿನೇ ಹೆಚ್ಚುಕಮ್ಮಿ ಖಾಲಿ!

ಉತ್ತರ 3: ಮನುಷ್ಯರಿಗೂ ಅಷ್ಟೇ. ಪಿಎಫ್‌ಎಎಸ್ ಗುಂಪಿನ ಪಿಎಫ್‌ಒಎ ಅನ್ನೋ ಕೆಮಿಕಲ್ ದೇಹದಲ್ಲಿ ವರ್ಷಗಟ್ಟಲೆ ಉಳಿಯುತ್ತೆ, ಅಮೆರಿಕದ ಪರಿಸರ ಸಂಸ್ಥೆ ಇಪಿಎ 2024ರಲ್ಲಿ ಅದಕ್ಕೆ ಕುಡಿಯೋ ನೀರಲ್ಲಿ ಲೀಟರಿಗೆ 4 ನ್ಯಾನೋಗ್ರಾಂ ಮಿತಿ ಹಾಕಿದ್ದು ಸುಮ್ನೆ ಅಲ್ಲ. ನನ್ ತಕರಾರು ಬೇರೆ, ಲ್ಯಾಬಲ್ಲಿ ಹೆಚ್ಚಾಗಿ ಒಂದೊಂದೇ ಕೆಮಿಕಲ್ ಟೆಸ್ಟ್ ಮಾಡ್ತಾರೆ, ನದೀಲಿ ನೂರಾರು ಒಟ್ಟಿಗೇ ಇರುತ್ವೆ.

ಉತ್ತರ 1: ಹೌದು, ಅದಕ್ಕೆ ಪ್ರತಿಯೊಂದು ಕೆಮಿಕಲ್‌ಗೂ ಭಾಗಿಸಿ ಬಂದ ಅನುಪಾತ ಕೂಡಿಸ್ತಾರೆ, ಒರಟು ಅಂದಾಜು ಅಷ್ಟೇ.