ಕುಂಡದ ಗಿಡದ ಎಲೆ ಹಳದಿ: ಗೊಬ್ಬರ ಕಮ್ಮಿಯೋ, ಮಣ್ಣಿನ ಪಿಎಚ್ ಕೆಟ್ಟಿದೆಯೋ?

ಪ್ರಶ್ನೆ

ಮನೆಯೊಳಗೆ ಕಿಟಕಿ ಪಕ್ಕ ಐದಾರು ಕುಂಡ ಇಟ್ಟಿದ್ದೇನೆ. ಗಾರ್ಡೇನಿಯಾ, ಪೀಸ್ ಲಿಲ್ಲಿ, ಡ್ರಸೀನಾ, ಮನಿ ಪ್ಲಾಂಟ್. ಎರಡು ತಿಂಗಳಿಂದ ಗಾರ್ಡೇನಿಯಾ ಎಲೆ ಹಳದಿ ಆಗುತ್ತಿದೆ. ಡ್ರಸೀನಾ ಎಲೆಯ ತುದಿ ಕಂದಾಗಿ ಒಣಗುತ್ತಿದೆ. ಗೊಬ್ಬರ ಸಾಲದೇನೋ ಅಂತ ದ್ರವ ಗೊಬ್ಬರ ವಾರಕ್ಕೊಮ್ಮೆ ಕೊಟ್ಟೆ. ಯಾರೋ ಹೇಳಿದರು ಅಂತ ಎಪ್ಸಮ್ ಸಾಲ್ಟ್ (ಮೆಗ್ನೀಷಿಯಂ ಇರುವ ಉಪ್ಪು) ಹಾಕಿದೆ, ಇನ್ಯಾರೋ ಹೇಳಿದರು ಅಂತ ಕಾಫಿ ಚರಟ ಹಾಕಿದೆ. ಈಗ ಇನ್ನೂ ಜಾಸ್ತಿ ಆಗಿದೆ. ಪಿಎಚ್ (ಮಣ್ಣು ಎಷ್ಟು ಹುಳಿ ಅನ್ನುವ ಅಳತೆ; 7 ನಡುಮಟ್ಟ, ಅಂಕೆ ಇಳಿದಷ್ಟೂ ಹುಳಿ) ನೋಡೋಣ ಅಂತ ಎರಡು ಕಡ್ಡಿಯ ಮೀಟರ್ ತಂದೆ, ಅದು ಎಲ್ಲ ಕುಂಡದಲ್ಲೂ 7 ಅಂತಲೇ ತೋರಿಸುತ್ತದೆ. ಲೋಟದ ನೀರಿಗೆ ಅದ್ದಿದರೂ 7! ಎಲ್ಲಿಂದ ಶುರು ಮಾಡಲಿ? ಇಂಥದ್ದು ಅನುಭವಿಸಿದವರು ದಯವಿಟ್ಟು ಹೇಳಿ.

ಅನುಭವ 1

ಮೊದಲು ಗೊಬ್ಬರ ನಿಲ್ಲಿಸಿ. ಎಪ್ಸಮ್ ಸಾಲ್ಟ್, ಕಾಫಿ ಚರಟ ಎಲ್ಲವನ್ನೂ. ಏನು ಕಾಯಿಲೆ ಅಂತ ಗೊತ್ತಾಗುವ ಮೊದಲೇ ಮೂರು ಔಷಧಿ ಕುಡಿಸಿದ್ದೀರಿ, ಈಗ ಯಾವುದರ ಲಕ್ಷಣ ಯಾವುದು ಅಂತ ಹೇಳುವುದೇ ಕಷ್ಟ. ಬೇಜಾರು ಮಾಡಿಕೊಳ್ಳಬೇಡಿ, ನಾನೂ ಇದನ್ನೇ ಮಾಡಿದ್ದೆ.

ಆಮೇಲೆ ಒಂದೇ ಪ್ರಶ್ನೆಗೆ ಉತ್ತರ ಹುಡುಕಿ: ಹಳದಿ ಶುರುವಾಗಿದ್ದು ಕೆಳಗಿನ ಹಳೇ ಎಲೆಯಲ್ಲೋ, ಮೇಲಿನ ಚಿಗುರಲ್ಲೋ? ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಷಿಯಂ ಗಿಡದೊಳಗೆ ಓಡಾಡುವಂಥವು. ಕೊರತೆ ಬಂದರೆ ಗಿಡ ಹಳೇ ಎಲೆಯಿಂದ ಕಿತ್ತು ಚಿಗುರಿಗೆ ಕೊಡುತ್ತದೆ, ಹಾಗಾಗಿ ಕೆಳಗಿನ ಎಲೆ ಮೊದಲು ಸೊರಗುತ್ತದೆ. ಕಬ್ಬಿಣ, ಕ್ಯಾಲ್ಸಿಯಂ, ಬೋರಾನ್ ಹಾಗಲ್ಲ. ಒಂದು ಎಲೆಯಲ್ಲಿ ಸೇರಿಕೊಂಡರೆ ಅಲ್ಲೇ ಉಳಿಯುತ್ತವೆ. ಅವು ಸಾಲದೆ ಹೋದರೆ ಹಳೇ ಎಲೆ ಆರಾಮಾಗಿ ಹಸಿರಾಗಿರುತ್ತದೆ, ಪೆಟ್ಟು ಬೀಳುವುದು ಹೊಸ ಎಲೆಗೆ.

ಆಮೇಲೆ ಆ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ಹಳೇ ಎಲೆ ನರ ಸಮೇತ ಪೂರ್ತಿ ಪೇಲವವಾಗಿದ್ದರೆ ಸಾರಜನಕ. ಹಳೇ ಎಲೆಯಲ್ಲಿ ನರ ಹಸಿರಾಗಿದ್ದು ನಡುವೆ ಹಳದಿ ಆದರೆ ಮೆಗ್ನೀಷಿಯಂ. ಅಂಚು ಸುಟ್ಟ ಹಾಗಿದ್ದರೆ ಪೊಟ್ಯಾಷ್ ಇರಬಹುದು, ಉಪ್ಪು ಜಾಸ್ತಿ ಆಗಿದ್ದೂ ಇರಬಹುದು. ಚಿಗುರೆಲೆ ಹಳದಿ, ಆದರೆ ನರಗಳು ಮಾತ್ರ ಹಸಿರು ದಾರದಲ್ಲಿ ಹೆಣೆದ ಬಲೆ ಥರ ಎದ್ದು ಕಾಣುತ್ತಿದ್ದರೆ ಅದು ಕಬ್ಬಿಣ. ಗಾರ್ಡೇನಿಯಾ ಅಂದರೆ ನನಗೆ ಮೊದಲ ಅನುಮಾನ ಅದೇ.

ಹಾಗಂತ ಕಬ್ಬಿಣ ತಂದು ಸುರಿಯಬೇಡಿ! ಮಣ್ಣಲ್ಲಿ ಕಬ್ಬಿಣ ಇದ್ದೇ ಇರುತ್ತದೆ, ಪಿಎಚ್ ಏರಿದಾಗ ಅದು ಬೇರಿಗೆ ಸಿಗದ ರೂಪಕ್ಕೆ ಹೋಗುತ್ತದೆ, ಅಷ್ಟೇ. ಊಟ ಬೀರುವಿನಲ್ಲಿದೆ, ಬೀಗ ಬಿದ್ದಿದೆ. ಇನ್ನಷ್ಟು ಊಟ ತಂದು ಅದೇ ಬೀರುವಿಗೆ ತುಂಬಿದರೆ ಏನು ಪ್ರಯೋಜನ? ಹೆಚ್ಚಿನ ಒಳಾಂಗಣ ಗಿಡಗಳಿಗೆ 5.5ರಿಂದ 6.5 ಹಿತ, ಗಾರ್ಡೇನಿಯಾಗೆ ಅದರಲ್ಲೂ ಹುಳಿ ಮಣ್ಣೇ ಇಷ್ಟ. 6.5ಕ್ಕೂ 7.5ಕ್ಕೂ ಬರೀ ಒಂದು ಅಂಕೆ ವ್ಯತ್ಯಾಸ ಅಂದುಕೊಳ್ಳಬೇಡಿ, ಒಂದೊಂದು ಅಂಕೆಗೂ ಹುಳಿ ಹತ್ತು ಪಟ್ಟು ಬದಲಾಗುತ್ತದೆ.

ನನ್ನ ಗಿಡದಲ್ಲಿ ಕಳ್ಳ ಸಿಕ್ಕಿದ್ದು ನೀರಲ್ಲಿ. ಮಣ್ಣಿನ ಕುಂಡದ ಬಾಯಿ ಸುತ್ತ ಬಿಳೀ ಪೊರೆ ಕಟ್ಟಿತ್ತು, ಉಗುರಲ್ಲಿ ಕೆರೆದರೆ ಸುಣ್ಣದ ಪುಡಿ ಥರ ಉದುರುತ್ತಿತ್ತು. ಅದರ ಮೇಲೆ ಎರಡು ಹನಿ ವಿನೆಗರ್ ಬಿಟ್ಟೆ. ಬುಸ್ ಅಂತ ನೊರೆ ಬಂತು. ನೊರೆ ಬಂದರೆ ಕಾರ್ಬೊನೇಟ್, ಅಂದರೆ ಗಡಸು ನೀರಿನ ಸುಣ್ಣ. ನೊರೆ ಬರದಿದ್ದರೆ ಹೆಚ್ಚಾಗಿ ಗೊಬ್ಬರದ ಉಪ್ಪು. ಪ್ರತಿ ಸಲ ನೀರು ಹಾಕುವಾಗಲೂ ಒಂದು ಚಿಟಿಕೆ ಸುಣ್ಣ ಹಾಕುತ್ತಿದ್ದೆ ಅಂತಾಯ್ತು ಅಲ್ವಾ!

ಅನುಭವ 2

ಮೇಲಿನವರು ಹೇಳಿದ್ದು ಸರಿ, ಆದರೆ ಎಲೆ ನೋಡುವುದಕ್ಕಿಂತ ಮೊದಲು ಬೇರು ನೋಡಿ ಅಂತೀನಿ ನಾನು. ಗಿಡವನ್ನು ಮೆಲ್ಲಗೆ ಕುಂಡದಿಂದ ಜಾರಿಸಿ ಹೊರಗೆ ತೆಗೆಯಿರಿ. ಬೇರು ಬೆಳ್ಳಗೆ ಗಟ್ಟಿಯಾಗಿದ್ದರೆ ಸರಿ. ಕಂದಾಗಿ ಮೆತ್ತಗಿದ್ದು, ಎಳೆದರೆ ಸಿಪ್ಪೆ ಕಳಚಿ ಒಳಗಿನ ನಾರು ಮಾತ್ರ ಕೈಗೆ ಬಂದರೆ, ಕೊಳೆತ ವಾಸನೆ ಹೊಡೆದರೆ, ನೀರು ಜಾಸ್ತಿ ಆಗಿದೆ. ಕೊಳೆತ ಬೇರು ಏನನ್ನೂ ಹೀರುವುದಿಲ್ಲ, ಹಾಗಾಗಿ ಎಲೆಯಲ್ಲಿ ಎಲ್ಲ ಕೊರತೆಯೂ ಕಾಣುತ್ತದೆ. ನಾನು ಒಂದು ಪೀಸ್ ಲಿಲ್ಲಿಗೆ ಆರು ವಾರ ‘ಸಾರಜನಕ ಕೊರತೆ’ಗೆ ಮದ್ದು ಮಾಡಿದೆ. ಕೊನೆಗೆ ತೆಗೆದು ನೋಡಿದರೆ ಕುಂಡದ ತಳದ ತೂತು ಮುಚ್ಚಿಹೋಗಿ ಕೆಳಗೆ ಕೆಸರಾಗಿತ್ತು.

ಎಲೆ ತಿರುಗಿಸಿ ಹಿಂಭಾಗವನ್ನೂ ನೋಡಿ. ಸಣ್ಣ ಸಣ್ಣ ಚುಕ್ಕೆ, ತೆಳ್ಳನೆ ಬಲೆ ಇದ್ದರೆ ಅದು ನುಸಿ, ಪಿಎಚ್ ಅಲ್ಲ. ತಳದ ಒಂದೆರಡು ಎಲೆ ವಯಸ್ಸಾಗಿ ಹಳದಿ ಆಗುವುದಂತೂ ಎಲ್ಲ ಗಿಡಕ್ಕೂ ಇದ್ದದ್ದೇ.

ಅನುಭವ 3

ಆ ಎರಡು ಕಡ್ಡಿಯ ಮೀಟರ್ ಬಗ್ಗೆ ಹೇಳಲೇಬೇಕು. ಬ್ಯಾಟರಿ ಇಲ್ಲದೆ ನಡೆಯುವ ಆ ಮೀಟರ್‌ನಲ್ಲಿ ಎರಡು ಬೇರೆ ಬೇರೆ ಲೋಹದ ಕಡ್ಡಿಗಳ ನಡುವೆ ಹುಟ್ಟುವ ಸಣ್ಣ ವಿದ್ಯುತ್ತಿಗೇ ಮುಳ್ಳು ಅಲ್ಲಾಡುತ್ತದೆ. ತೇವ, ಉಪ್ಪು ಎಲ್ಲಕ್ಕೂ ಅದು ತಲೆ ಆಡಿಸುತ್ತದೆ. ಪಿಎಚ್‌ಗೆ ಅದನ್ನು ನಂಬಬೇಡಿ.

ನಾನು ಮಾಡುವುದು ಹೀಗೆ. ಕುಂಡದ ಮೇಲ್ಪದರ ಬಿಟ್ಟು, ಬೇರಿನ ಹತ್ತಿರ ಎರಡು ಮೂರು ಕಡೆಯಿಂದ ಮಣ್ಣು ತೆಗೆಯುತ್ತೇನೆ. ಒಂದು ಅಳತೆ ಮಣ್ಣಿಗೆ ಎರಡು ಅಳತೆ ಡಿಸ್ಟಿಲ್ಡ್ ವಾಟರ್. ನಲ್ಲಿ ನೀರು ಬೇಡ, ಅದರ ಪಿಎಚ್ಚೇ ಲೆಕ್ಕ ಕೆಡಿಸುತ್ತದೆ. ಚೆನ್ನಾಗಿ ಕಲಸಿ ಅರ್ಧ ಗಂಟೆ ಬಿಟ್ಟು, ಮೇಲಿನ ನೀರಿಗೆ ಪಿಎಚ್ ಪೆನ್ (ಪೆನ್ನಿನಂಥ ಮೀಟರ್) ಅಥವಾ ಬಣ್ಣ ಬದಲಾಗುವ ಪಿಎಚ್ ಪಟ್ಟಿ ಅದ್ದುತ್ತೇನೆ. ಮಣ್ಣು ಕೆದಕಲು ಮನಸ್ಸಿಲ್ಲದಿದ್ದರೆ ಇನ್ನೊಂದು ದಾರಿ ಇದೆ: ಗಿಡಕ್ಕೆ ಚೆನ್ನಾಗಿ ನೀರು ಹಾಕಿ, ಒಂದು ಗಂಟೆ ಬಿಟ್ಟು, ಕೆಳಗೆ ಒಣ ತಟ್ಟೆ ಇಟ್ಟು, ಮೇಲಿಂದ ಸ್ವಲ್ಪ ಡಿಸ್ಟಿಲ್ಡ್ ವಾಟರ್ ಹುಯ್ಯಿರಿ. ಅದು ತಳ್ಳಿ ಹೊರಗೆ ಹಾಕುವ ಮೊದಲ 50 ಮಿಲಿ ನೀರು ಬೇರಿನ ಸುತ್ತ ಇದ್ದದ್ದು, ಅದನ್ನು ಅಳೆಯಿರಿ. ಅದೇ ನೀರಿಗೆ ಇಸಿ ಮೀಟರನ್ನೂ ಅದ್ದಿ, ನೀರಲ್ಲಿ ಕರಗಿದ ಉಪ್ಪು ಎಷ್ಟಿದೆ ಅಂತ ಅದು ತೋರಿಸುತ್ತದೆ. ಮಾಮೂಲಾಗಿ ಹಾಕುವ ನೀರಿಗಿಂತ ಹೊರಬಂದ ನೀರಿನ ಇಸಿ ತುಂಬಾ ಜಾಸ್ತಿ ಇದ್ದರೆ ಒಳಗೆ ಉಪ್ಪು ಸೇರಿಕೊಂಡಿದೆ ಅಂತ ಲೆಕ್ಕ.

ಪಿಎಚ್ ಪೆನ್ ಕೊಂಡರೆ ಪಿಎಚ್ 4 ಮತ್ತು 7 ಅಂತ ಮೊದಲೇ ಗೊತ್ತಿರುವ ಬಫರ್ ದ್ರಾವಣಕ್ಕೆ ಹೊಂದಿಸದೆ ಅಳೆಯಬೇಡಿ. ತುದಿಯ ಗಾಜು ಒಣಗಲು ಬಿಡಬೇಡಿ, ಡಿಸ್ಟಿಲ್ಡ್ ವಾಟರಲ್ಲೂ ಇಡಬೇಡಿ, ಅದಕ್ಕೇ ಅಂತ ಪೊಟ್ಯಾಷಿಯಂ ಕ್ಲೋರೈಡ್ ದ್ರಾವಣ ಬರುತ್ತದೆ. ನಾನು ಒಂದು ವರ್ಷ ಡ್ರಾಯರಲ್ಲಿ ಒಣಗಿಸಿಟ್ಟ ಪೆನ್ನನ್ನು ನಂಬಿ, ಮಣ್ಣು ವಿಪರೀತ ಹುಳಿ ಅಂತ ಸುಣ್ಣ ಹಾಕಿ, ಒಳ್ಳೇ ಗಿಡವನ್ನು ಹಾಳು ಮಾಡಿದವನು.

ಅನುಭವ 4

ನನ್ನದು ಉಲ್ಟಾ ಕಥೆ. ಪಿಎಚ್ ಇಳಿದೂ ಗಿಡ ಕೆಡುತ್ತದೆ. ಮೂರು ವರ್ಷ ಮಣ್ಣು ಬದಲಿಸದೆ, ಅಮೋನಿಯಂ ಇರುವ ಗೊಬ್ಬರವನ್ನೇ ಕೊಡುತ್ತಾ ಬಂದಿದ್ದೆ. ಆ ಗೊಬ್ಬರ ಮಣ್ಣನ್ನು ಹುಳಿ ಮಾಡುತ್ತದೆ. ಕುಂಡದ ಮಿಶ್ರಣದಲ್ಲಿರುವ ಪೀಟ್ ಮಾಸ್ (ಅರೆ ಕೊಳೆತ ಪಾಚಿ) ಮೊದಲೇ ಹುಳಿ, ಅದನ್ನು ಸರಿದೂಗಿಸಲು ಚೀಲದ ಮಿಶ್ರಣಕ್ಕೆ ಬೆರೆಸಿದ್ದ ಸುಣ್ಣ ಕ್ರಮೇಣ ಖಾಲಿ ಆಗುತ್ತದೆ. ಅಳೆದಾಗ 4.8. ಜೆರೇನಿಯಂನ ಹಳೇ ಎಲೆಗಳಲ್ಲಿ ತುಕ್ಕಿನ ಬಣ್ಣದ ಚುಕ್ಕೆ, ಅಂಚೆಲ್ಲ ಕಂದು. ನಾನು ರೋಗ ಅಂದುಕೊಂಡೆ. ಅದು ಕಬ್ಬಿಣ, ಮ್ಯಾಂಗನೀಸ್ ಅತಿಯಾಗಿ ಒಳಗೆ ಹೋಗಿದ್ದು! ಡಾಲೊಮೈಟ್ ಸುಣ್ಣ ಬೆರೆಸಿದ ಹೊಸ ಮಿಶ್ರಣಕ್ಕೆ ಗಿಡ ಬದಲಿಸಿದ ಮೇಲೆ ಸರಿಹೋಯ್ತು.

ಇನ್ನೊಂದು ಮಾತು. ಕೊಕೊಪೀಟ್ ಬಳಸುವವರು ಗಮನಿಸಿ, ಸರಿಯಾಗಿ ತೊಳೆದು ಹದ ಮಾಡದ ಕೊಕೊಪೀಟ್ ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದಿಟ್ಟುಕೊಂಡು ಪೊಟ್ಯಾಷ್ ಬಿಡುತ್ತದೆ. ಅಲ್ಲಿ ಪಿಎಚ್ ಸರಿ ಇದ್ದೂ ಕೊರತೆ ಕಾಣಬಹುದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೇಳಿದ್ದೆಲ್ಲ ಮಾಡಿದೆ. ಗಾರ್ಡೇನಿಯಾ: ಚಿಗುರು ಹಳದಿ, ನರ ಹಸಿರು, ಕೆಳಗಿನ ಎಲೆ ಚೆನ್ನಾಗಿದೆ. ಬೇರು ಬೆಳ್ಳಗಿದೆ. ಕುಂಡದ ಬಾಯಲ್ಲಿ ಬಿಳೀ ಪೊರೆ, ವಿನೆಗರ್‌ಗೆ ನೊರೆ ಬಂತು. ಗೆಳೆಯರ ಪೆನ್ ತಂದು ಅಳೆದೆ, 7.6. ಈಗ ಗಂಧಕ ಹಾಕಲೋ, ನೀರಿಗೆ ವಿನೆಗರ್ ಬೆರೆಸಲೋ? ಡ್ರಸೀನಾಗೂ ಅದನ್ನೇ ಮಾಡಬಹುದಾ?

ಅನುಭವ 1, ಮತ್ತೆ

ಅನುಮಾನ ಸರಿಯಾಯ್ತು. ಎಪ್ಸಮ್ ಸಾಲ್ಟ್ ಯಾಕೆ ಕೆಲಸ ಮಾಡಲಿಲ್ಲ ಗೊತ್ತಾಯ್ತಲ್ಲ, ಅದು ಮೆಗ್ನೀಷಿಯಂ, ಮೆಗ್ನೀಷಿಯಂ ಕೊರತೆ ಆಗಿದ್ದರೆ ಹಳೇ ಎಲೆ ಹಳದಿ ಆಗಬೇಕಿತ್ತು. ಕಾಫಿ ಚರಟವೂ ವೇಸ್ಟ್. ಹುಳಿಯೆಲ್ಲ ಹೆಚ್ಚುಕಮ್ಮಿ ಕುಡಿದ ಕಾಫಿಗೇ ಹೋಗಿರುತ್ತದೆ, ಚರಟದಲ್ಲಿ ಉಳಿಯುವುದು ಕಮ್ಮಿ. ಒದ್ದೆ ಚರಟಕ್ಕೆ ಸಣ್ಣ ನೊಣ ಬರುವುದೊಂದು ಲಾಭ.

ಗಂಧಕ ನಿಧಾನ. ಮಣ್ಣಿನ ಬ್ಯಾಕ್ಟೀರಿಯಾ ಅದನ್ನು ಆಮ್ಲ ಮಾಡಬೇಕು, ವಾರಗಟ್ಟಲೆ, ತಿಂಗಳುಗಟ್ಟಲೆ ಹಿಡಿಯುತ್ತದೆ. ನಾವು ತಾಳ್ಮೆಗೆಟ್ಟು ಇನ್ನೊಂದು ಚಮಚ ಹಾಕಿಬಿಡುತ್ತೇವೆ, ಅಲ್ಲಿ ಎಡವಟ್ಟಾಗುತ್ತದೆ. ವಿನೆಗರ್ ಪರಿಣಾಮ ಹೆಚ್ಚು ದಿನ ನಿಲ್ಲುವುದಿಲ್ಲ. ಮೂಲ ಸರಿಮಾಡಿ, ಅಂದರೆ ನೀರು. ಇಲ್ಲಿ ಒಂದು ಗೊಂದಲ ಎಲ್ಲರಿಗೂ ಆಗುತ್ತದೆ: ನೋಡಬೇಕಾದ್ದು ನೀರಿನ ಪಿಎಚ್ ಅಲ್ಲ, ಅದರಲ್ಲಿ ಮಣ್ಣಿನ ಹುಳಿ ಕಳೆಯುವ ಬೈಕಾರ್ಬೊನೇಟ್ ಎಷ್ಟಿದೆ ಅನ್ನುವುದು. ಮೀನಿನ ತೊಟ್ಟಿ ಇಟ್ಟವರ ಹತ್ತಿರ ಕೆಎಚ್ (ನೀರಿನ ಕಾರ್ಬೊನೇಟ್ ಗಡಸುತನ) ಅಳೆಯುವ ಕಿಟ್ ಇರುತ್ತದೆ, ಅದೇ ಸಾಕು. ಅದರ ಒಂದು ಡಿಗ್ರಿ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ ಸುಮಾರು 18 ಮಿಲಿಗ್ರಾಂ. ನನ್ನ ನೀರು 14 ಡಿಗ್ರಿ ಇತ್ತು, ಅಂದರೆ 250. ನೂರೈವತ್ತು ದಾಟಿದರೇ ಕುಂಡದ ಗಿಡಕ್ಕೆ ತೊಂದರೆ. ಮಳೆ ನೀರು ಅಥವಾ ಆರ್‌ಒ ನೀರನ್ನು ಅರ್ಧಕ್ಕರ್ಧ ಬೆರೆಸಿದೆ, ಅರ್ಧಕ್ಕೆ ಇಳಿಯಿತು. ಬರೀ ಆರ್‌ಒ ನೀರೇ ಹಾಕಿದರೆ ಕ್ಯಾಲ್ಸಿಯಂ ಸಿಗುವುದಿಲ್ಲ, ಆಗ ಗೊಬ್ಬರದಲ್ಲಿ ಕೊಡಬೇಕು. ಉಪ್ಪು ಹಾಕಿ ನಡೆಸುವ ಸಾಫ್ಟ್‌ನರ್‌ನ ನೀರು ಮಾತ್ರ ಬೇಡವೇ ಬೇಡ. ಅದರಲ್ಲಿ ಗಡಸು ಹೋಗಿ ಸೋಡಿಯಂ ಬಂದಿರುತ್ತದೆ, ಬೈಕಾರ್ಬೊನೇಟ್ ಹಾಗೇ ಇರುತ್ತದೆ.

ಅಷ್ಟರಲ್ಲಿ ಗಿಡ ಬದುಕಬೇಕಲ್ಲ, ಅದಕ್ಕೆ ಚಿಲೇಟೆಡ್ ಕಬ್ಬಿಣ, ಅಂದರೆ ಬೇರಿಗೆ ಸಿಗುವ ಹಾಗೆ ಇನ್ನೊಂದು ರಾಸಾಯನಿಕ ಹಿಡಿದಿಟ್ಟ ಕಬ್ಬಿಣ. ಪ್ಯಾಕೆಟ್ ಹಿಂದೆ ಸಣ್ಣ ಅಕ್ಷರ ಓದಿ. ಹಿಡಿದಿಡುವ ರಾಸಾಯನಿಕ ಇಡಿಟಿಎ ಅಂತಿದ್ದರೆ 6.5 ದಾಟಿದ ಮಣ್ಣಲ್ಲಿ ಅದು ನಿಲ್ಲುವುದಿಲ್ಲ. ಡಿಟಿಪಿಎ 7.5ರ ಆಸುಪಾಸಿನವರೆಗೆ. ನಿಮ್ಮ 7.6ಕ್ಕೆ ಇಡಿಡಿಎಚ್‌ಎ ಬೇಕು. ನೀರಿಗೆ ಹಾಕಿದರೆ ಗಾಢ ಕೆಂಪಾಗುತ್ತದೆ, ಹೆದರಬೇಡಿ, ಬಟ್ಟೆ ಮೇಲೆ ಚೆಲ್ಲಬೇಡಿ. ಪ್ಯಾಕೆಟ್‌ನ ಅಳತೆ ಮೀರಬೇಡಿ.

ಅನುಭವ 3, ಮತ್ತೆ

ಡ್ರಸೀನಾಗೆ ದಯವಿಟ್ಟು ಅದನ್ನು ಮಾಡಬೇಡಿ! ಡ್ರಸೀನಾ, ಸ್ಪೈಡರ್ ಪ್ಲಾಂಟ್ ಎರಡಕ್ಕೂ ಫ್ಲೋರೈಡ್ ಆಗಿಬರುವುದಿಲ್ಲ, ಎಲೆ ತುದಿ ಸುಡುತ್ತದೆ. ಅದು ನೀರಿಂದ ಬರಬಹುದು, ಸೂಪರ್ ಫಾಸ್ಫೇಟ್ ಗೊಬ್ಬರದಿಂದಲೂ ಬರಬಹುದು. ಮಣ್ಣು ಹುಳಿ ಆದಷ್ಟೂ ಫ್ಲೋರೈಡ್ ಬೇರಿಗೆ ಜಾಸ್ತಿ ಸಿಗುತ್ತದೆ. ಗಾರ್ಡೇನಿಯಾಗೆ ಮದ್ದಾಗಿದ್ದು ಪಕ್ಕದ ಕುಂಡಕ್ಕೆ ವಿಷ. ಜೊತೆಗೆ ನೀವು ವಾರವಾರ ಕೊಟ್ಟ ಗೊಬ್ಬರದ ಉಪ್ಪೂ ಅದರಲ್ಲಿ ಸೇರಿಕೊಂಡಿರುತ್ತದೆ. ಕುಂಡದ ಅಳತೆಯ ಎರಡು ಮೂರು ಪಟ್ಟು ಮಳೆ ನೀರೋ ಆರ್‌ಒ ನೀರೋ ನಿಧಾನಕ್ಕೆ ಹುಯ್ದು ಪೂರ್ತಿ ಬಸಿಯಲು ಬಿಡಿ, ತಟ್ಟೆಯ ನೀರು ಚೆಲ್ಲಿ. ಸುಟ್ಟ ತುದಿ ಮತ್ತೆ ಹಸಿರಾಗುವುದಿಲ್ಲ, ಕತ್ತರಿಯಲ್ಲಿ ಕತ್ತರಿಸಿ. ಹೊಸ ಎಲೆ ಹೇಗೆ ಬರುತ್ತದೆ ಅಂತ ಮಾತ್ರ ನೋಡಿ.

ಪ್ರಶ್ನೆ ಕೇಳಿದವರು

ಐದು ವಾರ ಆಯ್ತು, ಹೇಳಿ ಹೋಗೋಣ ಅಂತ ಬಂದೆ. ಗಾರ್ಡೇನಿಯಾದಲ್ಲಿ ಕೆಂಪು ನೀರು ಹಾಕಿದ ಮೇಲೆ ಮೂರು ಹೊಸ ಎಲೆ ಬಂದಿವೆ. ಮೊದಲನೆಯದು ತಿಳಿ ಹಸಿರು, ಆಮೇಲಿನ ಎರಡು ಪೂರ್ತಿ ಹಸಿರು. ಹಳದಿ ಆಗಿದ್ದವುಗಳಲ್ಲಿ ಎಳೆಯವು ಸ್ವಲ್ಪ ಸುಧಾರಿಸಿವೆ, ಬಲಿತವು ಹಾಗೇ ಇವೆ. ಪಿಎಚ್ ಇನ್ನೂ 7.2, ನಿಧಾನಕ್ಕೆ ಇಳಿಯುತ್ತಿದೆ. ಡ್ರಸೀನಾ ಹೊಸ ಎಲೆ ಇನ್ನೂ ಬಿಚ್ಚಿಲ್ಲ, ಕಾಯುತ್ತಿದ್ದೇನೆ. ಆ ಎರಡು ಕಡ್ಡಿಯ ಮೀಟರ್ ಈಗ ಮನಿ ಪ್ಲಾಂಟ್ ಬಳ್ಳಿಗೆ ಊರುಗೋಲು. ಮುಳ್ಳು ಅಲ್ಲೂ 7ರಲ್ಲೇ ನಿಂತಿದೆ.