ಅಪ್‌ಡೇಟ್: ಮಕ್ಕಳು ಒಬ್ಬರ ಪ್ರಬಂಧ ಇನ್ನೊಬ್ಬರು ಓದುವ ವಿಷಯ

ಕಳೆದ ತಿಂಗಳು ಇಲ್ಲಿ ಕೇಳಿದ್ದೆ. ಕುಮಟಾ ಹತ್ತಿರದ ನಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿಯವರು ತಮ್ಮ ಬದುಕಿನ ಬಗ್ಗೆ ಬರೆದದ್ದನ್ನು ಅದಲುಬದಲು ಮಾಡಿ ಓದಿದರೆ, ಸುಮ್ನೆ ‘ಚೆನ್ನಾಗಿದೆ’ ಅಂತ ಬರೆಯುತ್ತಾರೆ, ಇಲ್ಲವೇ ಒತ್ತಕ್ಷರದ ತಪ್ಪು ಹುಡುಕುತ್ತಾರೆ, ಏನು ಮಾಡಲಿ ಅಂತ. ಕೆಂಪು ಪೆನ್ನು ಬೇಡ, ಬರೆದವರೇ ಗಟ್ಟಿಯಾಗಿ ಓದಲಿ, ಕೇಳಿದವರು ನೆನಪಲ್ಲಿ ಉಳಿದದ್ದನ್ನು ಹೇಳಿ ಒಂದೇ ಪ್ರಶ್ನೆ ಕೇಳಲಿ ಅಂದಿದ್ದಿರಿ. ಹಾಗೇ ಮಾಡಿದೆ.

ಒಬ್ಬ ಹುಡುಗ ಅಘನಾಶಿನಿ ಅಳಿವೆಯಲ್ಲಿ ಅಮ್ಮನ ಜೊತೆ ಬಳಚು (ತಿನ್ನುವ ಚಿಪ್ಪುಮೀನು) ತೆಗೆಯುವುದನ್ನು ಬರೆದಿದ್ದ. ಮೊದಲ ಪುಟ ಪೂರ್ತಿ ನದಿಯ ವರ್ಣನೆ. ಪಕ್ಕದ ಹುಡುಗಿ ಕೇಳಿದಳು: “ನೀರು ಯಾವಾಗ ಇಳಿಯುತ್ತದೆ ಅಂತ ಅಮ್ಮನಿಗೆ ಹೇಗೆ ಗೊತ್ತು?” ಅವನು ಹತ್ತು ನಿಮಿಷ ಮಾತಾಡಿದ. ಅಮ್ಮ ತಿಥಿ ಲೆಕ್ಕ ಹಾಕುತ್ತಾಳೆ. ಇಳಿತ ದಿನಾ ಸುಮಾರು 50 ನಿಮಿಷ ತಡವಾಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ನೀರು ಜಾಸ್ತಿ ಇಳಿಯುತ್ತದೆ, ಆಗ ದೂರದ ದಿಬ್ಬಕ್ಕೂ ಹೋಗಬಹುದು. ಇದೊಂದೂ ಪ್ರಬಂಧದಲ್ಲಿ ಇರಲಿಲ್ಲ! ಎರಡನೇ ಸಲ ಬರೆದದ್ದು ಅಮ್ಮ ಕ್ಯಾಲೆಂಡರ್ ನೋಡುವಲ್ಲಿಂದಲೇ ಶುರುವಾಯಿತು. ನನಗೆ ಕಣ್ಣು ತುಂಬಿ ಬಂತು.

ಒಂದು ಕಡೆ ನಾನು ತಪ್ಪಿದೆ. ಒಬ್ಬಳು ಮನೆಯ ಜಗಳ ಬರೆದಿದ್ದಳು, ಓದುವ ಸರದಿ ಬಂದಾಗ ಅಳು ತಡೆದುಕೊಂಡು ನಿಂತಳು. ಮೊದಲೇ ಕೇಳಬೇಕಿತ್ತು ಅಲ್ವಾ? ಈಗ ಹಾಳೆ ಮಡಚಿ ಕೊಟ್ಟರೆ ನಾನೊಬ್ಬಳೇ ಓದುತ್ತೇನೆ.

ಕಾಗುಣಿತ ತಿದ್ದುವುದು ಕೊನೆಗೆ. ಮೂರು ಜೋಡಿ ಇನ್ನೂ ‘ಚೆನ್ನಾಗಿದೆ’ಯಲ್ಲೇ ಇವೆ. ಸೋಮವಾರ ಅವರ ಜೊತೆ ನಾನೇ ಕೂರುತ್ತೇನೆ, ನನ್ನದೇ ಒಂದು ಪುಟ ಓದಿ.