ಕಾರ್ನ್ ಸ್ನೇಕ್ ಮರಿ ಇಲಿ ಮುಟ್ತಿಲ್ಲ, ರಾತ್ರಿಯಿಡೀ ಗಾಜು ಹತ್ತೋಕೆ ನೋಡುತ್ತೆ

ಪ್ರಶ್ನೆ:
ನಾವಿರೋದು ಮ್ಯಾಂಚೆಸ್ಟರ್‌ನಲ್ಲಿ. ಮಗಳ ಹಟಕ್ಕೆ ಸೋತು 18 ದಿನದ ಹಿಂದೆ ಒಂದು ಕಾರ್ನ್ ಸ್ನೇಕ್ ಮರಿ ತಂದ್ವಿ, ಅಂದ್ರೆ ಮನೇಲಿ ಸಾಕೋ, ವಿಷವಿಲ್ಲದ ಅಮೆರಿಕದ ಹಾವು. ಮೂರು ತಿಂಗಳಿನದು, ಅಡುಗೆಮನೆ ತಕ್ಕಡಿಯಲ್ಲಿ 9 ಗ್ರಾಂ. ಮಗಳಿಟ್ಟ ಹೆಸರು ಶಾವಿಗೆ. ಅಂಗಡಿಯಲ್ಲಿದ್ದಾಗ ಐದಾರು ದಿನಕ್ಕೊಂದು ಪಿಂಕಿ ತಿಂತಿತ್ತಂತೆ, ಅಂದ್ರೆ ಕೂದಲು ಬಾರದ, ಕಣ್ಣು ಬಿಡದ ಸುಂಡಿಲಿ ಮರಿ. ನಮ್ಮಲ್ಲಿ ಮೂರು ಸಲ ಕೊಟ್ಟೆ, ಮೂರೂ ಸಲ ಹಿಂದೆ ಸರೀತು. ಫ್ರೀಜರ್‌ನಿಂದ ತೆಗೆದು ಬಿಸಿನೀರಲ್ಲಿಟ್ಟು ಬೆಚ್ಚಗಾದ ಮೇಲೇ ಕೊಡೋದು. ಸಂಜೆಯಾದ್ರೆ ಸಾಕು, ಗಾಜಿಗೆ ಮೂಗು ಉಜ್ಜಿಕೊಂಡು ಮೂಲೆಯಿಂದ ಮೂಲೆಗೆ ಸುತ್ತುತ್ತೆ, ಬೆಳಗಿನ ಜಾವದವರೆಗೂ. ಹಸಿವಿಗೆ ಹೀಗಾಡ್ತಿದ್ಯಾ? ಊರಿಂದ ಅಮ್ಮ ಫೋನಲ್ಲಿ "ಒಂದು ಬಟ್ಲು ಹಾಲಿಟ್ಟು ನೋಡೇ" ಅಂತಾರೆ. ತೊಟ್ಟಿ ಕೆಳಗೆ ಹೀಟ್ ಮ್ಯಾಟ್ ಇದೆ, ಥರ್ಮಾಮೀಟರ್ 27 ಡಿಗ್ರಿ ತೋರಿಸ್ತಿದೆ.

ಉತ್ತರ:
ಹಾಲು ಬೇಡ ಮೇಡಂ. ಪಂಚಮಿ ದಿನ ಹಾಲು ಕುಡಿಯೋದು ಹುತ್ತ, ಹಾವಲ್ಲ. ನೀರಿನ ಬಟ್ಟಲು ಸಾಕು.

ಮ್ಯಾಟ್‌ಗೆ ಥರ್ಮೋಸ್ಟಾಟ್, ಅಂದ್ರೆ ಬಿಸಿ ಮಿತಿ ಮೀರದಂತೆ ತಡೆಯೋ ಸಾಧನ, ಇದ್ಯಾ? ಥರ್ಮಾಮೀಟರ್ ಎಲ್ಲಿ ಅಂಟಿಸಿದ್ದೀರಿ? ಅಡಗಿ ಕೂರೋಕೆ ಎಷ್ಟು ಜಾಗ ಇದೆ? ಕಣ್ಣು ಹಾಲುಬಿಳಿ ಆಗಿದ್ರೆ ಪೊರೆ ಬಿಡೋ ಹೊತ್ತು, ಆಗ ತಿನ್ನದಿರೋದು ಮಾಮೂಲು.

ಪ್ರಶ್ನೆ ಕೇಳಿದವರು:
ಥರ್ಮೋಸ್ಟಾಟ್ ಇಲ್ಲ. ಥರ್ಮಾಮೀಟರ್ ಗಾಜಿನ ಅರ್ಧ ಎತ್ತರದಲ್ಲಿದೆ. ಅಡಗೋಕೆ ಒಂದೇ ಒಂದು ಪ್ಲಾಸ್ಟಿಕ್ ಗುಹೆ, ಮ್ಯಾಟ್ ಇರೋ ಕಡೆ. ಕಣ್ಣು ಕರ್ರಗೆ ಹೊಳೀತಿದೆ. ಇನ್ನೊಂದು ಹೇಳಬೇಕು: ಸ್ಕೂಲಿಂದ ಬಂದ ಕೂಡಲೇ ಮಗಳು ಗೆಳತಿಯರಿಗೆಲ್ಲ ಎತ್ತಿ ತೋರಿಸ್ತಾಳೆ.

ಉತ್ತರ:
ಹಾಗಾದ್ರೆ ಹಸಿವಿನ ಮಾತು ಆಮೇಲೆ. ನಿಮ್ಮ ಥರ್ಮಾಮೀಟರ್ ಹೇಳ್ತಿರೋದು ಗಾಳಿಯ ಬಿಸಿ. ಹಾವು ಮಲಗೋದು ಗಾಳಿಯಲ್ಲಲ್ಲ, ನೆಲದ ಮೇಲೆ ಹೊಟ್ಟೆ ಊರಿ. ಮರಿಗಳಂತೂ ಹಾಸಿದ ಮರದ ಹೊಟ್ಟು ಕೊರೆದು ಅಡಿಯ ಗಾಜಿಗೇ ಅಂಟಿಕೊಳ್ತವೆ. ಹೊಟ್ಟು ಸರಿಸಿ, ಮ್ಯಾಟ್‌ನ ನೇರ ಮೇಲೆ ಅಳೆದು ನೋಡಿ. ಅಡಗೋಕಿರೋ ಒಂದೇ ಗುಹೆ ಕಾದ ಹೆಂಚಿನ ಮೇಲಿದ್ರೆ ಪಾಪ ಏನು ಮಾಡುತ್ತೆ? ಒಳಗೆ ಕೂತ್ರೆ ಸುಡುತ್ತೆ, ಹೊರಗೆ ಬಂದ್ರೆ ಬಯಲು. ಅದು ಇಲಿ ಹುಡುಕ್ತಿಲ್ಲ, ತಪ್ಪಿಸಿಕೊಳ್ಳೋ ದಾರಿ ಹುಡುಕ್ತಿದೆ.

ಬಿಸಿ ಕಡೆ ನೆಲ 30 ಡಿಗ್ರಿ ಆಸುಪಾಸು, ತಂಪು ಕಡೆ 24ರಿಂದ 26 ಇರಲಿ. ಎರಡೂ ಕಡೆ ಮೈ ತಾಗುವಷ್ಟು ಇಕ್ಕಟ್ಟಾದ ಗುಹೆ ಇಡಿ. ದೊಡ್ಡ ಗುಹೆ ನಮಗೆ ಚೆಂದ ಅಷ್ಟೇ. ಒಂದು ವಾರ ಯಾರೂ ಮುಟ್ಟಬೇಡಿ.

ಇನ್ನೊಬ್ಬರು:
ಇಷ್ಟೆಲ್ಲ ಯಾಕೆ? ಬಾಯಿ ಬಿಡಿಸಿ ಪಿಂಕಿ ತಳ್ಳಿದ್ರೆ ಆಯ್ತು.

ಉತ್ತರ:
ದಯವಿಟ್ಟು ಬೇಡ. 9 ಗ್ರಾಂ ಮರಿಯ ದವಡೆ ಬೆಂಕಿಕಡ್ಡಿಗಿಂತ ನಾಜೂಕು. ಹೆದರಿದ ಹಾವು ನುಂಗಿದ್ದನ್ನ ಕಕ್ಕಿಬಿಡುತ್ತೆ, ಕಕ್ಕಿದ ಮೇಲೆ ಹತ್ತು ದಿನವಾದ್ರೂ ಹೊಟ್ಟೆಗೆ ಬಿಡುವು ಕೊಡಬೇಕು. ವಾರಕ್ಕೊಮ್ಮೆ ತೂಗಿ. 8 ಗ್ರಾಂ ಹತ್ರ ಇಳಿದ್ರೆ ಸರೀಸೃಪ ನೋಡೋ ಪಶುವೈದ್ಯರ ಹತ್ರ ಹೋಗಿ.

ವಾರ ಕಳೆದ ಮೇಲೆ ಹೀಗೆ ಮಾಡಿ. ತೂತು ಮಾಡಿದ ಸಣ್ಣ ಮುಚ್ಚಳದ ಡಬ್ಬಿಯಲ್ಲಿ ಟಿಶ್ಯೂ ಹಾಸಿ, ಬೆಚ್ಚಗಿನ ಪಿಂಕಿ ಜೊತೆ ಹಾವನ್ನ ಬಿಡಿ. ಮುಚ್ಚಳ ಭದ್ರವಾಗಿರಲಿ, ಪೆನ್ಸಿಲ್ ತೂರೋ ಸಂದಿಯಲ್ಲಿ ಈ ಮರಿ ತೂರುತ್ತೆ. ಡಬ್ಬಿಯನ್ನ ತೊಟ್ಟಿಯೊಳಗೇ, ಮ್ಯಾಟ್‌ನಿಂದ ದೂರ ಇಟ್ಟು ದೀಪ ಆರಿಸಿ ಮಲಗಿ. ಇಣುಕಬೇಡಿ.

ಅಂದಹಾಗೆ, ಇದನ್ನ ಓದಿ ಕರ್ನಾಟಕದಲ್ಲಿರೋ ಯಾರೂ ತೋಟದ ಕೇರೆಹಾವಿನ ಮರಿ ತಂದು ಸಾಕೋಕೆ ಹೋಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ.

ಪ್ರಶ್ನೆ ಕೇಳಿದವರು:
ಅಳೆದೆ. 42 ಡಿಗ್ರಿ! ನಾನೇ ಅಂಗೈ ಇಟ್ಟು ನೋಡಿ ಬೆಚ್ಚಿಬಿದ್ದೆ. ಅವತ್ತೇ ಥರ್ಮೋಸ್ಟಾಟ್ ತಂದು 30ಕ್ಕೆ ಇಟ್ಟೆ. ತಂಪು ಕಡೆ ಟಾಯ್ಲೆಟ್ ಪೇಪರ್ ಸುರುಳಿಯ ರಟ್ಟಿನ ಕೊಳವೆ ಇಟ್ಟಿದ್ದಕ್ಕೆ, ತಂದ ಗುಹೆ ಬಿಟ್ಟು ಅದರೊಳಗೇ ಸಂಸಾರ ಹೂಡಿದೆ.

ಒಂಬತ್ತನೇ ರಾತ್ರಿ ಡಬ್ಬಿಯಲ್ಲಿ ಬಿಟ್ಟೆ. ಬೆಳಿಗ್ಗೆ ಪಿಂಕಿ ಇಲ್ಲ, ಶಾವಿಗೆಯ ನಡುವೆ ಕಡಲೆಕಾಯಿಯಷ್ಟು ಉಬ್ಬು. ಮೂಗಿನ ತುದಿ ಸ್ವಲ್ಪ ತರಚಿದೆ. ಸಂಜೆ ಹೊತ್ತು ಇನ್ನೂ ಒಂದರ್ಧ ಗಂಟೆ ತಿರುಗುತ್ತೆ. ಪರವಾಗಿಲ್ವಾ?

ಉತ್ತರ:
ಸಂಜೆ ತಿರುಗಾಟ ಅದರ ಜಾಯಮಾನ, ಮೂಗು ಉಜ್ಜದಿದ್ರೆ ಸೈ. ತರಚಿದ್ದು ಒಂದೆರಡು ಪೊರೆ ಬಿಡುವಷ್ಟರಲ್ಲಿ ಸಾಮಾನ್ಯವಾಗಿ ಮಾಯುತ್ತೆ. ಉಬ್ಬು ಇಳಿಯೋವರೆಗೆ, ಕನಿಷ್ಠ ಎರಡು ದಿನ, ಮಗಳ ಗೆಳತಿಯರು ಗಾಜಿನಾಚೆಯಿಂದಲೇ ನೋಡಲಿ. ಮುಂದಿನ ಪಿಂಕಿ ಏಳು ದಿನಕ್ಕೆ, ಇದೇ ಅಳತೆದು.